ಒಂದೂವರೆ ಮೊಳ

ಬೀದರಿನ ಚೌಬಾರದ ಹಿಂದಿನ ಓಣಿ,
ಗಡಿಯಾರ ರಿಪೇರಿ ಅಂಗಡಿ.
ಮುಕರ್ರಮ್ ಸಾಬರು ಕೆಂಪು ಮಖಮಲ್ಲು ಹಾಸಿ
ಎರಡು ಲೆನ್ಸು ಇಟ್ಟರು,
ನೋಡಲು ಬಂದವರ ಮುಂದೆ
ಅಕ್ಕತಂಗಿಯರನ್ನು ಕೂರಿಸಿದಂತೆ.
ಒಂದು ಎಪ್ಪತ್ತೈದು, ಒಂದು ತೊಂಬತ್ತು.
"ಸಣ್ಣದು ಸಾಫ್ ಅದ ಬಾಯಿ, ಅದಕ್ಕ ತುಟ್ಟಿ.
ಉದ್ದಂದರಾಗ ಜರಾ ಮಂಜು ಕುಂತದ,
ಮೂರು ಸಾವಿರ ಕಮ್ಮಿ ಮಾಡ್ತೀನಿ."

ಜಿಲ್ಲಾ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ
ಹಗಲೆಲ್ಲ ಎಲುಬು ತೆಗೆಯುವವಳು ನಾನು.
ಉಸಿರು ಹಿಡೀರಿ. ಹಾಂ. ಬಿಡ್ರಿ.
ಅಲ್ಲಿ ಮುಖ ಬೇಕಾಗುವುದಿಲ್ಲ.
ರಜೆ ಸಿಕ್ಕರೆ ಮುಖ ಹುಡುಕಿ ಬಸ್ಸು ಹತ್ತುತ್ತೇನೆ
ಔರಾದಕ್ಕೆ, ಭಾಲ್ಕಿಗೆ, ಸುಮ್ಮನೆ ಹುಮನಾಬಾದಿನ ತನಕ.
ಚೀಲದಲ್ಲಿ ಟಿಫಿನ್ನು, ನೀರು, ಛತ್ರಿ, ಕ್ಯಾಮೆರಾ;
ಮಿಕ್ಕ ಜಾಗಕ್ಕೆ ಒಂದೇ ಲೆನ್ಸು ಹಿಡಿಸುತ್ತದೆ.

ಯಾವುದು?

ನನ್ನ ಕ್ಯಾಮೆರಾ ಲೆನ್ಸಿನೊಳಗಿಂದ ನೋಡುವುದಿಲ್ಲ.
ಅದಕ್ಕೆ ಪಕ್ಕದಲ್ಲೊಂದು ಬೇರೆ ಕಿಟಕಿ,
ಕಿಟಕಿಯ ನಡುವೆ ಅರಿಶಿನದ ಬೊಟ್ಟಿನಷ್ಟು ಬೆಳಕು,
ಆ ಬೊಟ್ಟಿನಲ್ಲಿ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ.
ಉಂಗುರ ತಿರುಗಿಸುತ್ತ ಹೋದರೆ
ಇಬ್ಬರೂ ಸರಿದು ಬಂದು ಒಬ್ಬರಲ್ಲಿ ಕೂಡುತ್ತಾರೆ.
ಆಗ ಒತ್ತಬೇಕು.
ತೊಂಬತ್ತು ತೊಡಿಸಿದರೆ ಒಳಗಿನ ಚೌಕಟ್ಟು
ಅಂಚೆಚೀಟಿಯಷ್ಟಾಗುತ್ತದೆ,
ಆದರೂ ಅದರಾಚೆಯ ಊರು ಎಲ್ಲಿಗೂ ಹೋಗುವುದಿಲ್ಲ:
ಯಾರು ಬರಲಿದ್ದಾರೆಂದು ಮೊದಲೇ ತಿಳಿಯುತ್ತದೆ,
ಸೈಕಲ್ಲು, ಮೇಕೆ, ಸಿಟ್ಟಿನ ಅಣ್ಣ.

ಎರಡೂ ಒಯ್ರಿ, ಎರಡು ದಿನ ನೋಡ್ರಿ, ಅಂದರು ಸಾಬರು,
ಆಧಾರ್ ಕಾರ್ಡು ಒತ್ತೆ ಇಟ್ಟುಕೊಂಡು.

ಝರೀನಾಬಿ ಬಿದರಿ ಕೆಲಸದವಳು.
ಕೋಟೆಯಿಂದ ತಂದ ಮಣ್ಣನ್ನು
ನಾಲಿಗೆ ತುದಿಗೆ ಇಟ್ಟಿಟ್ಟು ನೋಡಿ
ಇದು ಬರ್ತದ, ಇದು ಬ್ಯಾಡ, ಎಂದು ಬೇರೆ ಮಾಡುತ್ತಿದ್ದಳು.
ಗಾಜಿಗೂ ಹಾಗೊಂದು ನಾಲಿಗೆ
ನನಗೆ ಇರಬಾರದಿತ್ತೇ!

ತೊಂಬತ್ತು ಒಂದು ಮೀಟರಿಗಿಂತ ಹತ್ತಿರ ಬರಲೊಲ್ಲದು.
ಅವಳ ಕೋಣೆಯೋ ಎರಡು ಚಾಪೆಯಗಲ.
ಹಿಂದೆ ಹಿಂದೆ ಸರಿದು
ಹೊಸ್ತಿಲಾಚೆ, ಚಪ್ಪಲಿಗಳ ನಡುವೆ ಕುಂತೆ.
ಎಪ್ಪತ್ತೈದಾದರೆ ಒಂದೂವರೆ ಮೊಳಕ್ಕೂ ಒಪ್ಪುತ್ತದೆ,
ಹೂ ಮಾರುವವಳು ಅಳೆಯುವ ಮೊಳ.
ಒಂದೂವರೆ ಮೊಳದಲ್ಲಿ ಅವಳ ಉಸಿರಿನ ಎಲೆಯಡಿಕೆ ವಾಸನೆ,
ಮಡಿಲಲ್ಲಿದ್ದ ಕರೀ ಹೂಜಿಯ ಹೊಟ್ಟೆಯೊಳಗೆ
ಕಣ್ಣಿಗೆ ಡಬ್ಬಿ ಹಿಡಿದು ಡೊಂಕಾದ ನಾನು.

"ಅಷ್ಟು ಹತ್ರ ಬಂದು ಏನ್ ನೋಡ್ತಿ ಬೇಟಿ,
ನನ್ನ ಹಲ್ಲಾ?"
ನಕ್ಕಳು.
ನಾನು ಉಸಿರು ಹಿಡಿದೆ.
ಬೇರೆಯವರಿಗೆ ಹೇಳಿದಷ್ಟು ಸುಲಭವಲ್ಲ ಅದು.

ಬಚ್ಚಲಲ್ಲಿ ಫಿಲ್ಮು ತೊಳೆದು ಹಗ್ಗಕ್ಕೆ ಹಾಕಿದೆ.
ಎಪ್ಪತ್ತೈದರವು ಹನ್ನೊಂದು: ರೆಪ್ಪೆ ಎಣಿಸಬಹುದು.
ಒಂದರಲ್ಲೂ ಆಕೆ ನನ್ನನ್ನು ಮರೆತಿಲ್ಲ.
ತೊಂಬತ್ತರವು ಹೆಚ್ಚೂಕಡಿಮೆ ಎಲ್ಲ ಕೆಟ್ಟಿವೆ,
ಕಣ್ಣಿಗಿಟ್ಟ ಗುರಿ ಕಿವಿಯ ಬಾಲಿಗೆ ಬಿದ್ದಿದೆ.
ಒಂದರಲ್ಲಂತೂ ಮುಖವೇ ಕರಗಿ
ಮುಂದೆ ಚಾಚಿದ ಮಣ್ಣುಗೈ ಮಾತ್ರ ಖಡಕ್ಕು,
ಉಗುರಿನ ಸಂದಿಯ ಕಪ್ಪು ಸಹ;
ಗಾಜಿನೊಳಗಿನ ಮಂಜಿಗೆ
ಬೆಳ್ಳಿತಂತಿಯ ಹೊಳಪು ಗೆರೆ ಮೀರಿ
ಹೂಜಿಯ ಕಪ್ಪಿನ ಮೇಲೆ ಹಾಲಿನಂತೆ ಚೆಲ್ಲಿದೆ.

ಮುದ್ರಿಸಿ ಒಯ್ದೆ. ರೆಪ್ಪೆಯವನ್ನೆಲ್ಲ ಸರಿಸಿ
ಅದನ್ನೇ ಎತ್ತಿಕೊಂಡಳು.
"ಇದು ನನ್ನ ಕೈ.
ಮುಖಕ್ಕೇನು, ಓಣಿಗೆಲ್ಲ ಗೊತ್ತದ."
ಮತ್ತೆ ಬಗ್ಗಿ ನಾಲಿಗೆಗೆ ಒಂದು ಚಿಟಿಕೆ ಮಣ್ಣು.

ಎಪ್ಪತ್ತೈದಕ್ಕೆ ಮುಚ್ಚಳ ಹಾಕಿ ವಾಪಸಿಡುವಾಗ
ಹತ್ತಿರದಿಂದ ಕೇಳಿದ ಆ ನಗು
ಹೊಟ್ಟೆಯಲ್ಲಿ ಚುಳ್ಳೆಂದಿತು. ಇರಲಿ.
"ಮಂಜಿಂದೇ ಕೊಡ್ರಿ," ಅಂದೆ.
"ಬಿಚ್ಚಿ ಒರಸಿ ಕೊಡ್ಲಾ?"
"ಬ್ಯಾಡ್ರಿ, ಹಂಗೇ ಇರ್ಲಿ."

ಗಿರಾಕಿ ಮನಸ್ಸು ಸೋತದ್ದು ಅದ್ಹೇಗೋ ತಿಳಿದು
ಮೂರರ ಬದಲು ಎರಡೇ ಸಾವಿರ ಬಿಟ್ಟರು ಸಾಬರು.